ಹೂವಿಲ್ಲದ ತಿಂಗಳುಗಳ ತೋಟಗಾರರು

ಅಕ್ಟೋಬರ್ ತಿಂಗಳ ಶನಿವಾರ ಬೆಳಗ್ಗೆ ಇಂಗ್ಲೆಂಡಿನ ಯಾವುದಾದರೂ ಸಣ್ಣ ಊರಿಗೆ ಹೋದರೆ ರಸ್ತೆ ವೃತ್ತದ ನಡುವಿನ ಹುಲ್ಲಿನಲ್ಲೋ, ರೈಲು ನಿಲ್ದಾಣದ ಪಕ್ಕದಲ್ಲೋ, ಗ್ರಂಥಾಲಯದ ಮುಂದೆಯೋ ಒಂದಷ್ಟು ಜನ ಮೊಣಕಾಲೂರಿ ಕೂತು ನೆಲ ಅಗೆಯುತ್ತಿರುವುದು ಕಣ್ಣಿಗೆ ಬೀಳುತ್ತದೆ. ಮೈಮೇಲೆ ಫಳಫಳ ಹೊಳೆಯುವ ಹಳದಿ ಜಾಕೆಟ್ಟು, ಕೈಗೆ ಗ್ಲೌಸು, ಪಕ್ಕದಲ್ಲಿ ಫ್ಲಾಸ್ಕಿನಲ್ಲಿ ಟೀ, ಬಲೆ ಚೀಲದ ತುಂಬ ಈರುಳ್ಳಿಯಂಥ ಗೆಡ್ಡೆಗಳು. ನಿವೃತ್ತ ಮೇಷ್ಟ್ರು, ರಜೆಯಲ್ಲಿರುವ ನರ್ಸು, ಅಂಗಡಿ ನಡೆಸುವವರು, ಅವರ ಜೊತೆ ಬಂದ ಮಕ್ಕಳು ಎಲ್ಲರೂ ಅಲ್ಲಿರುತ್ತಾರೆ. ಸಂಬಳ ಯಾರಿಗೂ ಇಲ್ಲ. ಊರಿನ ತೋಟಗಾರಿಕೆ ಸಂಘದ ಸ್ವಯಂಸೇವಕರು ಇವರು. ಈ ಬೆಳಗ್ಗೆ ಅವರು ಮಣ್ಣಿಗೆ ಹಾಕಿದ್ದು ಹೂವಾಗಿ ಕಾಣಿಸಬೇಕಾದರೆ ಮಾರ್ಚ್ ಬರಬೇಕು.

ತೋಟಗಾರಿಕೆ ಸಂಘ ಎಂದರೆ ನಮ್ಮ ಮನಸ್ಸಿಗೆ ಬರುವುದು ಫಲಪುಷ್ಪ ಪ್ರದರ್ಶನ, ಬಹುಮಾನ, ಫೋಟೊ. ಅದೆಲ್ಲ ಹೂವು ತುಂಬಿದ ದಿನಗಳ ಸಂಭ್ರಮ. ಆದರೆ ಶೀತ ದೇಶಗಳಲ್ಲಿ ಇಂಥ ಸಂಘಗಳ ನಿಜವಾದ ಬಲ ಗೊತ್ತಾಗುವುದು ಎಲೆ ಉದುರುವ ಕಾಲದಲ್ಲಿ, ಸೆಪ್ಟೆಂಬರಿನಿಂದ ನವೆಂಬರಿನವರೆಗೆ. ಬಿಸಿಲು ಇಳಿದಿರುತ್ತದೆ, ಗಿಡದ ತಲೆ ಒಣಗಿರುತ್ತದೆ, ಆದರೆ ಬೇಸಗೆ ಪೂರ್ತಿ ಕಾದ ನೆಲದಲ್ಲಿ ಇನ್ನೂ ಬಿಸಿ ಉಳಿದಿರುತ್ತದೆ. ಮಳೆಯೂ ಹದವಾಗಿ ಬೀಳುತ್ತದೆ. ಮೇಲೆ ಎಲ್ಲ ನಿಂತುಹೋದಂತೆ ಕಂಡರೂ ಬೇರು ಓಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಅನುಭವಿ ತೋಟಗಾರರು ಅಲ್ಲಿ ವರ್ಷದ ಲೆಕ್ಕ ಶುರುಮಾಡುವುದೇ ಈಗ. ಮನೆಯ ಹಿತ್ತಲಾದರೆ ಒಬ್ಬರ ಹುಮ್ಮಸ್ಸು ಸಾಕು. ರಸ್ತೆ ಬದಿಯ, ಯಾರದೂ ಅಲ್ಲದ ಜಾಗದಲ್ಲಿ ಐದು ತಿಂಗಳು ಏನೂ ಕಾಣದ ಕೆಲಸವನ್ನು ಚಳಿಯಲ್ಲಿ ಮಾಡಿ ಮುಗಿಸುವುದಕ್ಕೆ ಹತ್ತು ಜನರ ಸಂಘವೇ ಬೇಕು.

ಬ್ರಿಟನ್ನಿನಲ್ಲಿ ಈ ಸಂಘಗಳ ಬೆನ್ನಿಗೆ ಒಂದು ದೊಡ್ಡ ಚಳವಳಿಯೂ ಇದೆ. 1960ರ ದಶಕದ ಆರಂಭದಲ್ಲಿ ತೋಟಗಾರಿಕೆ ಪತ್ರಕರ್ತ ರಾಯ್ ಹೇ ಫ್ರಾನ್ಸಿಗೆ ಹೋದಾಗ ಅಲ್ಲಿ ಊರೂರೂ ಹೂವಿನಿಂದ ಸಿಂಗರಿಸಿಕೊಂಡು ಸ್ಪರ್ಧೆಗಿಳಿದಿದ್ದನ್ನು ಕಂಡರು. ನಮ್ಮಲ್ಲೂ ಇದು ಆಗಬೇಕು ಎಂದು ಅವರು ಹಿಡಿದ ಪಟ್ಟಿನಿಂದ ‘ಬ್ರಿಟನ್ ಇನ್ ಬ್ಲೂಮ್’ ಸ್ಪರ್ಧೆ ಹುಟ್ಟಿತು. 1804ರಲ್ಲಿ ಲಂಡನ್ನಿನ ಒಂದು ಪುಸ್ತಕದಂಗಡಿಯಲ್ಲಿ ಸಭೆ ಸೇರಿದವರಿಂದ ಶುರುವಾದ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2002ರಿಂದ ಇದನ್ನು ನಡೆಸಿಕೊಂಡು ಬರುತ್ತಿದೆ. ತೀರ್ಪುಗಾರರು ಬೇಸಗೆಯಲ್ಲಿ ಊರು ಸುತ್ತುತ್ತಾರೆ, ಫಲಿತಾಂಶ ಬರುವುದು ಶರತ್ಕಾಲದಲ್ಲಿ. ಸ್ಪರ್ಧೆಯ ಗೋಜು ಬೇಡ ಎನ್ನುವ ಸಣ್ಣ ಗುಂಪುಗಳಿಗೆ ‘ಇಟ್ಸ್ ಯುವರ್ ನೇಬರ್‌ಹುಡ್’ ಎಂಬ ಇನ್ನೊಂದು ಯೋಜನೆಯಿದೆ. ಒಂದೇ ಬೀದಿಯವರು ಸೇರಿ ಮಾಡಿದ ಕೆಲಸವೂ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ. ಪ್ರಶಸ್ತಿ ಪತ್ರ ಗೋಡೆಗೆ ಏರಿದ ವಾರವೇ ಬೇಸಗೆಯ ಬಾಡಿದ ಗಿಡಗಳನ್ನು ಕಿತ್ತು ಪಾತಿ ಖಾಲಿ ಮಾಡುವ ಕೆಲಸ ಶುರು.

ಆ ಖಾಲಿ ಪಾತಿಗೆ ಹೋಗುವುದು ಗೆಡ್ಡೆಗಳು. ಡ್ಯಾಫೊಡಿಲ್, ಕ್ರೋಕಸ್, ಟುಲಿಪ್.

ಡ್ಯಾಫೊಡಿಲ್ ನಮ್ಮಲ್ಲಿ ಬಹಳ ಜನರಿಗೆ ಶಾಲೆಯ ಇಂಗ್ಲಿಷ್ ಪಠ್ಯದ ವರ್ಡ್ಸ್‌ವರ್ತ್ ಪದ್ಯದಲ್ಲಿ ಮಾತ್ರ ಗೊತ್ತಿರುವ ಹೂವು. ಅಕ್ಟೋಬರಿನಲ್ಲಿ ಅದರ ಒಂದು ಗೆಡ್ಡೆಯನ್ನು ಉದ್ದಕ್ಕೆ ಸೀಳಿದರೆ ಬಿಳಿ ಪದರಗಳ ಮಧ್ಯೆ ಎಳೆಯ ಎಲೆಗಳೂ ಅವುಗಳ ನಡುವೆ ಪುಟ್ಟ ಮೊಗ್ಗೂ ಸಿದ್ಧವಾಗಿ ಕೂತಿರುತ್ತವೆ. ಹಿಂದಿನ ವಸಂತದಲ್ಲಿ ಎಲೆಗಳು ಉಂಡ ಬಿಸಿಲಿನಿಂದ, ಬೇಸಗೆಯಲ್ಲಿ ಗೆಡ್ಡೆ ಮಣ್ಣೊಳಗೆ ಸುಮ್ಮನಿದ್ದಾಗಲೇ ಮುಂದಿನ ಹೂವಿನ ಅಂಗಾಂಗವೆಲ್ಲ ರೂಪುಗೊಂಡಿರುತ್ತದೆ. ಅದು ಕಾಯುವುದು ಚಳಿಗಾಗಿ. ಹಲವು ವಾರ ಸತತವಾಗಿ ಚಳಿ ಸಿಕ್ಕ ಮೇಲೆಯೇ ಹೂವಿನ ದಂಟು ಉದ್ದಕ್ಕೆ ಬೆಳೆಯುತ್ತದೆ. ಟುಲಿಪ್‌ಗಂತೂ ಹನ್ನೆರಡರಿಂದ ಹದಿನಾರು ವಾರಗಳ ಚಳಿ ಬೇಕು. ಇಲ್ಲದಿದ್ದರೆ ಹೂವು ದಂಟಿಲ್ಲದೆ ಎಲೆಗಳ ಬುಡದಲ್ಲೇ ಮುರುಟಿಕೊಳ್ಳುತ್ತದೆ. ಬೆಂಗಳೂರಿನ ಹಿತ್ತಲಲ್ಲಿ ಟುಲಿಪ್ ನೆಟ್ಟು ನಿರಾಶರಾದವರ ತೊಂದರೆ ಇದೇ. ಭಾರತದಲ್ಲಿ ಟುಲಿಪ್‌ನ ದೊಡ್ಡ ತೋಟ ಶ್ರೀನಗರದಲ್ಲಿ ತೆರೆದದ್ದಕ್ಕೆ ಕಾರಣವೂ ಇದೇ.

ನೆಡುವ ಕ್ರಮ ಸರಳ, ಆದರೆ ಅದಕ್ಕೊಂದು ಹದವಿದೆ. ಗೆಡ್ಡೆಯ ಎತ್ತರದ ಎರಡರಿಂದ ಮೂರು ಪಟ್ಟು ಆಳದ ಗುಂಡಿ, ಚೂಪು ತುದಿ ಮೇಲಕ್ಕೆ. ಹುಲ್ಲಿನ ನಡುವೆ ನೆಡುವಾಗ ಸಾಲು ಹಿಡಿಯುವುದಿಲ್ಲ. ಬೊಗಸೆ ತುಂಬ ಗೆಡ್ಡೆ ತೆಗೆದು ಎರಚಿ, ಬಿದ್ದಲ್ಲೇ ನೆಡುತ್ತಾರೆ. ತಾನಾಗಿ ಹುಟ್ಟಿದಂತೆ ಕಾಣಲಿ ಎಂಬ ಆಸೆ. ಗುಂಡಿ ತೋಡಲು ಕೊಳವೆಯಂಥ ಒಂದು ಸಲಕರಣೆ ಇದೆ. ಅದನ್ನು ನೆಲಕ್ಕೆ ಒತ್ತಿ ತಿರುಗಿಸಿ ಎತ್ತಿದರೆ ಹುಲ್ಲು ಸಮೇತ ಮಣ್ಣಿನ ಹೆಂಟೆ ಹೊರಬರುತ್ತದೆ. ಗೆಡ್ಡೆ ಇಟ್ಟು ಹೆಂಟೆಯನ್ನು ಮತ್ತೆ ಮುಚ್ಚಿ ಪಾದದಲ್ಲಿ ಒತ್ತಿದರೆ ಮುಗಿಯಿತು. ಒಬ್ಬರು ಗುಂಡಿ ತೆಗೆಯುತ್ತ ಮುಂದೆ ಹೋಗುವುದು, ಹಿಂದಿನವರು ಗೆಡ್ಡೆ ಇಡುವುದು, ಮಕ್ಕಳು ಮುಚ್ಚಿ ತುಳಿಯುವುದು. ನಾಟಿ ಗದ್ದೆಯಲ್ಲಿ ಕೆಲಸ ಸಾಗುವ ಹಾಗೆಯೇ ಮಾತುಕತೆಯ ಜೊತೆ ಸಾಲು ಮುಂದಕ್ಕೆ ಹೋಗುತ್ತಿರುತ್ತದೆ.

ಸಾರ್ವಜನಿಕ ಜಾಗಕ್ಕೆ ಸಂಘಗಳು ಡ್ಯಾಫೊಡಿಲನ್ನೇ ಹೆಚ್ಚು ನೆಚ್ಚಿಕೊಳ್ಳುವುದಕ್ಕೆ ಕಾರಣವಿದೆ. ಅದರ ಗೆಡ್ಡೆಯಲ್ಲಿ ಲೈಕೊರಿನ್ ಎಂಬ ವಿಷವಸ್ತು ಇರುವುದರಿಂದ ಅಳಿಲು, ಇಲಿ ಅದರ ತಂಟೆಗೆ ಬರುವುದಿಲ್ಲ. ಟುಲಿಪ್ ಗೆಡ್ಡೆಯನ್ನಾದರೆ ಅಳಿಲುಗಳು ನೋಡನೋಡುತ್ತಲೇ ತೋಡಿ ತಿಂದಿರುತ್ತವೆ. ಒಮ್ಮೆ ನೆಟ್ಟ ಡ್ಯಾಫೊಡಿಲ್ ವರ್ಷ ವರ್ಷವೂ ಬರುತ್ತದೆ, ಮರಿಗೆಡ್ಡೆ ಹಾಕಿ ಗುಂಪಾಗುತ್ತದೆ. ಅದು ಕೇಳುವ ಉಪಕಾರ ಒಂದೇ. ಹೂವು ಮುಗಿದ ಮೇಲೆ ಸುಮಾರು ಆರು ವಾರ ಎಲೆಗೆ ಕತ್ತರಿ ಹಾಕಬಾರದು. ಪುರಸಭೆಯ ಹುಲ್ಲು ಕತ್ತರಿಸುವ ಯಂತ್ರ ಈ ಅವಧಿಯೊಳಗೆ ಬಂತೆಂದರೆ ಮುಂದಿನ ವರ್ಷದ ಹೂವು ಹೋದಂತೆಯೇ. ಹಾಗಾಗಿ ಎಲ್ಲಿ ನೆಟ್ಟಿದ್ದೇವೆ ಎಂಬ ನಕ್ಷೆಯನ್ನು ಪುರಸಭೆಗೆ ಅಕ್ಟೋಬರಿನಲ್ಲೇ ಕೊಟ್ಟಿಡುವುದು ಅನುಭವಿ ಸಂಘಗಳ ರೂಢಿ. ಟುಲಿಪ್‌ಗೆ ನವೆಂಬರ್‌ವರೆಗೆ ಕಾಯುತ್ತಾರೆ. ಮಣ್ಣು ತಣ್ಣಗಾದ ಮೇಲೆ ನೆಟ್ಟರೆ ಟುಲಿಪ್‌ಗೆ ತಗಲುವ ಶಿಲೀಂಧ್ರ ರೋಗದ ಕಾಟ ಕಡಿಮೆ.

ಒಂದು ಊರಿನ ಜನ ಸೇರಿ ಗೆಡ್ಡೆ ನೆಡುವುದು ಎಷ್ಟು ದೊಡ್ಡ ಕೆಲಸವಾಗಬಲ್ಲದು ಎನ್ನುವುದನ್ನು ನ್ಯೂಯಾರ್ಕ್ ತೋರಿಸಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ನೆದರ್ಲೆಂಡ್ಸಿನ ಗೆಡ್ಡೆ ವ್ಯಾಪಾರಿ ಹಾನ್ಸ್ ವಾನ್ ವಾರ್ಡನ್‌ಬರ್ಗ್ ಆ ನಗರಕ್ಕೆ ಲಕ್ಷಗಟ್ಟಲೆ ಡ್ಯಾಫೊಡಿಲ್ ಗೆಡ್ಡೆಗಳನ್ನು ಉಡುಗೊರೆಯಾಗಿ ಕೊಟ್ಟರು. ರಾಟರ್‌ಡ್ಯಾಮ್ ನಗರವೂ ಕೈಜೋಡಿಸಿತು. ಉದ್ಯಾನ ವಿನ್ಯಾಸಕಿ ಲಿಂಡನ್ ಮಿಲ್ಲರ್ ಮುಂದೆ ನಿಂತು ಕೆಲಸ ಹಚ್ಚಿದರು. ‘ನ್ಯೂಯಾರ್ಕರ್ಸ್ ಫಾರ್ ಪಾರ್ಕ್ಸ್’ ಸಂಸ್ಥೆ ಮತ್ತು ನಗರದ ಉದ್ಯಾನ ಇಲಾಖೆ ಸೇರಿ ಆ ಶರತ್ಕಾಲದಲ್ಲೇ ಸ್ವಯಂಸೇವಕರನ್ನು ಕರೆದವು. ಇನ್ನೂ ಅವಶೇಷ ತೆಗೆಯುತ್ತಿದ್ದ ಊರಿನಲ್ಲಿ ಜನ ಉದ್ಯಾನಗಳಿಗೆ ಬಂದು ಮಣ್ಣು ಅಗೆದರು. ಮರುವಸಂತದಲ್ಲಿ ನಗರದ ಉದ್ಯಾನಗಳಲ್ಲೆಲ್ಲ ಹಳದಿ ಹೂವು ಎದ್ದಿತು. 2007ರಲ್ಲಿ ಮೇಯರ್ ಮೈಕಲ್ ಬ್ಲೂಮ್‌ಬರ್ಗ್ ಡ್ಯಾಫೊಡಿಲನ್ನು ನಗರದ ಅಧಿಕೃತ ಹೂವೆಂದು ಘೋಷಿಸಿದರು. ಈ ಯೋಜನೆಯಲ್ಲಿ ಸಂಘಗಳಿಗೆ, ಶಾಲೆಗಳಿಗೆ ಗೆಡ್ಡೆಗಳನ್ನು ಉಚಿತವಾಗಿ ಹಂಚುತ್ತಾರೆ. ಷರತ್ತು ಒಂದೇ: ಎಲ್ಲರ ಕಣ್ಣಿಗೆ ಬೀಳುವ ಸಾರ್ವಜನಿಕ ಜಾಗದಲ್ಲಿ ನೆಡಬೇಕು. ಬೀದಿ ಮರದ ಬುಡವೂ ಆದೀತು.

ಬ್ರಿಟನ್ನಿನ ಇನ್ನೊಂದು ಗೆಡ್ಡೆ ಯೋಜನೆಗೆ ನಮ್ಮ ನೆಲದ ನಂಟಿದೆ. ಅಕ್ಟೋಬರ್ 24 ವಿಶ್ವ ಪೋಲಿಯೊ ದಿನ. ಆ ಆಸುಪಾಸಿನಲ್ಲಿ ರೋಟರಿ ಕ್ಲಬ್ಬುಗಳು ಊರಿನ ತೋಟಗಾರರ ಜೊತೆ ಸೇರಿ ನೇರಳೆ ಬಣ್ಣದ ಕ್ರೋಕಸ್ ನೆಡುತ್ತವೆ. ಬಣ್ಣ ನೇರಳೆಯೇ ಯಾಕೆಂದು ಪಲ್ಸ್ ಪೋಲಿಯೊ ಭಾನುವಾರಗಳನ್ನು ಕಂಡ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಎರಡು ಹನಿ ಹಾಕಿದ ಮೇಲೆ ಮಗುವಿನ ಕಿರುಬೆರಳಿಗೆ ಹಚ್ಚುವ ಶಾಯಿಯ ಗುರುತು ಅದು. 1995ರಲ್ಲಿ ಪಲ್ಸ್ ಪೋಲಿಯೊ ಶುರುಮಾಡಿದ ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ದೇಶಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರ ಸಿಕ್ಕಿತು. ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ಮನೆ ಮನೆ ತಿರುಗಿ ಹಚ್ಚಿದ ಶಾಯಿಯ ಬಣ್ಣವನ್ನು ಸಾವಿರಾರು ಮೈಲಿ ದೂರದ ಊರುಗಳಲ್ಲಿ, ಆ ಕೆಲಸದ ಗುರುತಿಗೆಂದೇ ಜನ ಹುಲ್ಲಿನ ಮಧ್ಯೆ ನೆಡುತ್ತಾರೆ ಎನ್ನುವುದು ಇಲ್ಲಿನವರಿಗೆ ತಿಳಿದಿರಬೇಕಾದ ಸಂಗತಿ. ಹೂವು ಬರುವುದು ಫೆಬ್ರುವರಿ ಕೊನೆಗೆ, ಕೆಲವೊಮ್ಮೆ ಹಿಮದ ನಡುವೆ.

ಒಂದು ಕಡೆ ನೆಡುವ ಕೆಲಸ, ಇನ್ನೊಂದು ಕಡೆ ಕೀಳುವ ಕೆಲಸ. ಡೇಲಿಯಾ, ಅಂದರೆ ಮಲೆನಾಡಿನವರ ಡೇರೆ ಹೂವು, ಹುಟ್ಟಿದ್ದು ಮೆಕ್ಸಿಕೋದಲ್ಲಿ. ಹಿಮ ಅದಕ್ಕೆ ಆಗುವುದಿಲ್ಲ. ಬ್ರಿಟನ್ನಿನಲ್ಲಿ ಮೊದಲ ಹಿಮ ಬಿದ್ದ ಬೆಳಗ್ಗೆ ಡೇರೆ ಎಲೆಗಳೆಲ್ಲ ಸುಟ್ಟಂತೆ ಕಪ್ಪಾಗಿರುತ್ತವೆ. ಸಂಘದವರು ಕಾಯುತ್ತಿದ್ದುದು ಅದನ್ನೇ. ದಂಟನ್ನು ಗೇಣುದ್ದಕ್ಕೆ ಕತ್ತರಿಸಿ, ಗೆಡ್ಡೆಗೆ ಪೆಟ್ಟಾಗದ ಹಾಗೆ ದೂರದಿಂದ ಅಗೆದು ಎತ್ತಿ, ತಳಿಯ ಹೆಸರಿನ ಚೀಟಿ ಕಟ್ಟಿ, ಬುಡಮೇಲಾಗಿ ನೆರಳಿನಲ್ಲಿ ಒಣಗಿಸುತ್ತಾರೆ. ದಂಟು ಪೊಳ್ಳಾಗಿರುವುದರಿಂದ ಒಳಗೆ ನಿಂತ ನೀರು ಇಳಿಯದಿದ್ದರೆ ಗೆಡ್ಡೆ ಕೊಳೆಯುತ್ತದೆ. ಒಣಗಿದ ಮೇಲೆ ಮರಳು ತುಂಬಿದ ಪೆಟ್ಟಿಗೆಯಲ್ಲಿ, ಹಿಮ ತಾಗದ ಕೋಣೆಯಲ್ಲಿ ವಸಂತದವರೆಗೆ ನಿದ್ದೆ. ಮಲೆನಾಡಿನಲ್ಲಿ ಮಳೆಗಾಲದ ಹೂವು ಮುಗಿದ ಮೇಲೆ ಗೆಡ್ಡೆ ಎತ್ತಿಟ್ಟು, ಮುಂದಿನ ಮೊದಲ ಮಳೆಗೆ ಮತ್ತೆ ಹೂಳುವ ಹೆಣ್ಣುಮಕ್ಕಳು ಮಾಡುವುದೂ ಇದನ್ನೇ. ಅವರು ಗೆಡ್ಡೆ ಕಾಪಾಡುವುದು ಬೇಸಗೆಯಿಂದ, ಇವರು ಹಿಮದಿಂದ. ಗೆಡ್ಡೆಯನ್ನು ಪಾಲು ಮಾಡುವಾಗ ದಂಟಿನ ಬುಡದ ಕಣ್ಣು ಪ್ರತಿ ತುಂಡಿನಲ್ಲೂ ಇರಬೇಕೆಂಬ ಎಚ್ಚರ ಇಬ್ಬರಿಗೂ ಒಂದೇ. ನೆರೆಮನೆಗೆ ಒಂದು ಗೆಡ್ಡೆ ಕೊಟ್ಟು ಬೇರೆ ಬಣ್ಣದ್ದನ್ನು ತರುವ ವಾಡಿಕೆ ಇಲ್ಲಿಯಂತೆ ಅಲ್ಲೂ ಇದೆ.

ಎಲ್ಲ ಗಿಡಗಳೂ ಬಾಡುವಾಗ ಅರಳುವುದು ಸೇವಂತಿಗೆ. ಬ್ರಿಟನ್ನಿನ ರಾಷ್ಟ್ರೀಯ ಸೇವಂತಿಗೆ ಸಂಘದ ಬೇರು 1846ರಷ್ಟು ಹಳೆಯದು, ಊರೂರಿನ ಸೇವಂತಿಗೆ ಪ್ರದರ್ಶನಗಳು ನವೆಂಬರ್‌ವರೆಗೂ ನಡೆಯುತ್ತವೆ. ರಾತ್ರಿ ಉದ್ದವಾಗುತ್ತ ಬಂದಾಗ ಮೊಗ್ಗು ಕಟ್ಟುವ ಗಿಡ ಇದು. ನಮ್ಮಲ್ಲಿ ದಸರಾ, ದೀಪಾವಳಿಗೆ ಸೇವಂತಿಗೆ ರಾಶಿ ಬೀಳುವುದಕ್ಕೂ ಇಂಗ್ಲೆಂಡಿನ ಸಭಾಭವನಗಳಲ್ಲಿ ಅದೇ ದಿನಗಳಲ್ಲಿ ಪ್ರದರ್ಶನ ನಡೆಯುವುದಕ್ಕೂ ಈ ಒಂದೇ ಕಾರಣ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಸಾಲು ಸಾಲು ಬಲ್ಬು ಉರಿಸುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೆಳಕು ತೋರಿಸಿ, ರಾತ್ರಿ ಇನ್ನೂ ಉದ್ದವಾಗಿಲ್ಲ ಎಂದು ಗಿಡವನ್ನು ನಂಬಿಸಿ, ಮೊಗ್ಗು ಬೇಗ ಬಾರದಂತೆ ತಡೆದು ಗಿಡವನ್ನು ಬೆಳೆಸಿಕೊಳ್ಳುತ್ತಾರೆ. ಪ್ರದರ್ಶನಕ್ಕೆ ಬೆಳೆಯುವವರು ಒಂದು ದಂಟಿಗೆ ಒಂದೇ ಮೊಗ್ಗು ಉಳಿಸಿ ಮಿಕ್ಕದ್ದನ್ನೆಲ್ಲ ಚಿವುಟಿ ಹಾಕುತ್ತಾರೆ, ಉಳಿದ ಒಂದು ಹೂವು ಮುಖದಷ್ಟು ದೊಡ್ಡದಾಗುತ್ತದೆ.

ಇನ್ನು ಉದುರಿದ ಎಲೆ. ಮಲೆನಾಡಿನಲ್ಲಿ ಅದು ದರಕು, ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುವ ಬೆಲೆಯುಳ್ಳ ವಸ್ತು. ಇಂಗ್ಲೆಂಡಿನಲ್ಲೂ ತೋಟಗಾರರಿಗೆ ಅದರ ಬೆಲೆ ಗೊತ್ತು. ನಾಲ್ಕು ಗೂಟ ಹುಗಿದು ಸುತ್ತ ತಂತಿ ಬಲೆ ಕಟ್ಟಿ, ಓಕ್, ಬೀಚ್ ಮರಗಳ ಎಲೆಯನ್ನು ಒಳಗೆ ತುಂಬಿ, ಒಣಗಿದ್ದರೆ ನೀರು ಚಿಮುಕಿಸಿ ಬಿಟ್ಟುಬಿಡುತ್ತಾರೆ. ಹಸಿಕಸದ ಗೊಬ್ಬರವನ್ನು ಮುಖ್ಯವಾಗಿ ಬ್ಯಾಕ್ಟೀರಿಯಾಗಳು ಬಿಸಿಯಲ್ಲಿ ಬೇಗ ಮಾಡಿದರೆ, ಎಲೆಯನ್ನು ಕರಗಿಸುವುದು ಶಿಲೀಂಧ್ರಗಳು, ತಂಪಿನಲ್ಲಿ, ನಿಧಾನವಾಗಿ. ಒಂದು ವರ್ಷಕ್ಕೆ ಗಿಡದ ಬುಡಕ್ಕೆ ಹೊದಿಸಲು ಬರುತ್ತದೆ. ಎರಡು ವರ್ಷ ಬಿಟ್ಟರೆ ಕಪ್ಪಗೆ, ಹುಡಿಹುಡಿಯಾಗಿ, ಕಾಡಿನ ಮಣ್ಣಿನ ವಾಸನೆ ಹೊತ್ತು ಬೀಜ ಬಿತ್ತುವಷ್ಟು ನಯವಾಗುತ್ತದೆ. ಜೌಗು ನೆಲದಿಂದ ಪೀಟ್ ಎಂಬ ಅರೆಕೊಳೆತ ಸಸ್ಯಮಣ್ಣನ್ನು ತೋಡಿ ಚೀಲದಲ್ಲಿ ತುಂಬಿ ಮಾರುವುದರ ವಿರುದ್ಧ ಅಲ್ಲಿ ದನಿ ಏರಿರುವ ಈ ದಿನಗಳಲ್ಲಿ ಬಿಟ್ಟಿ ಸಿಗುವ ಎಲೆಗೊಬ್ಬರ ಸಂಘಗಳಿಗೆ ಹಣವನ್ನೂ ಉಳಿಸುತ್ತದೆ.

ಎಲ್ಲ ಎಲೆಯನ್ನೂ ಗುಡಿಸಿಬಿಡಬಾರದು ಎಂಬ ತಿಳಿವಳಿಕೆ ಈಚೆಗೆ ಹೆಚ್ಚಿದೆ. ಪೊದೆಯ ಕೆಳಗಿನ ಎಲೆರಾಶಿ ಹೆಜ್‌ಹಾಗ್‌ಗಳ ಚಳಿಗಾಲದ ಮನೆ. ಮೈಮೇಲೆ ಮುಳ್ಳಿದ್ದರೂ ನಮ್ಮ ಮುಳ್ಳುಹಂದಿಗೂ ಇದಕ್ಕೂ ನಂಟಿಲ್ಲ. ಎರಡು ಅಂಗೈ ಜೋಡಿಸಿದರೆ ಹಿಡಿಸುವಷ್ಟು ಪುಟ್ಟ ಪ್ರಾಣಿ, ಹುಳುಹುಪ್ಪಟೆ, ಎಲೆ ತಿನ್ನುವ ಬಸವನಹುಳುಗಳನ್ನು ಮುಗಿಸುವ ತೋಟಗಾರನ ಮಿತ್ರ. 2020ರಲ್ಲಿ ಬ್ರಿಟನ್ನಿನ ಸಸ್ತನಿಗಳ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿಗೆ ಸರಿಯುತ್ತಿರುವ ಜೀವಿಗಳ ಸಾಲಿಗೆ ಸೇರಿತು. 2011ರಲ್ಲಿ ಶುರುವಾದ ‘ಹೆಜ್‌ಹಾಗ್ ಸ್ಟ್ರೀಟ್’ ಅಭಿಯಾನ ಕೇಳುವುದು ಬಹಳ ಸಣ್ಣದನ್ನು: ಹಿತ್ತಲ ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಚೌಕದ ಒಂದು ಕಿಂಡಿ. ರಾತ್ರಿ ಆಹಾರಕ್ಕೆ ಬಹಳ ದೂರ ಓಡಾಡುವ ಈ ಪ್ರಾಣಿಗೆ ಮನೆ ಮನೆಯ ಕಿಂಡಿ ಸೇರಿ ದಾರಿಯಾಗುತ್ತದೆ. ನವೆಂಬರ್ 5ರ ರಾತ್ರಿ, 1605ರಲ್ಲಿ ಸಂಸತ್ತನ್ನು ಸ್ಫೋಟಿಸುವ ಸಂಚು ಬಯಲಾದ ನೆನಪಿಗೆ, ಊರೂರಲ್ಲಿ ಕಟ್ಟಿಗೆ ರಾಶಿ ಹಾಕಿ ಸುಡುತ್ತಾರೆ. ವಾರದ ಮುಂಚೆಯೇ ಒಟ್ಟಿದ ರಾಶಿಯೊಳಗೆ ಹೆಜ್‌ಹಾಗ್ ಹೊಕ್ಕು ಮಲಗಿರುವ ಅಪಾಯವಿದೆ. ಆದ್ದರಿಂದ ಬೆಂಕಿ ಹಚ್ಚುವ ದಿನವೇ ರಾಶಿಯನ್ನು ಬೇರೆ ಕಡೆ ಸರಿಸಿ ಕಟ್ಟಿ ಎಂದು ತೋಟಗಾರರ ಗುಂಪುಗಳು ಪ್ರತಿವರ್ಷ ಊರಿಗೆ ತಿಳಿಹೇಳುತ್ತವೆ.

ಶರತ್ಕಾಲದ ಕಾರ್ಯಕ್ರಮಗಳಲ್ಲಿ ಜನ ಹೆಚ್ಚು ಸೇರುವುದು ಸೇಬಿನ ದಿನಕ್ಕೆ. ಹಳೆಯ ಸೇಬಿನ ತೋಟಗಳು ಕಡಿದು ಹೋಗುತ್ತಿರುವುದನ್ನು ಕಂಡು ‘ಕಾಮನ್ ಗ್ರೌಂಡ್’ ಸಂಸ್ಥೆ 1990ರ ಅಕ್ಟೋಬರ್ 21ರಂದು ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಮೊದಲ ‘ಆ್ಯಪಲ್ ಡೇ’ ನಡೆಸಿತು. ಈಗ ಅದು ಊರ ಹಬ್ಬ. ಪೆಟ್ಟಾದ, ಕುರೂಪಿ ಕಾಯಿಗಳೆಲ್ಲ ರಸ ಹಿಂಡುವ ಯಂತ್ರಕ್ಕೆ ಹೋಗುತ್ತವೆ. ಮಕ್ಕಳು ಸರದಿಯಲ್ಲಿ ಹಿಡಿಕೆ ತಿರುಗಿಸಿ ರಸ ಕುಡಿಯುತ್ತಾರೆ. ಒಂದು ಮೇಜಿನ ಮುಂದೆ ಮಾತ್ರ ಉದ್ದನೆಯ ಸಾಲು: ತಮ್ಮ ಹಿತ್ತಲಿನ ಮರ ಯಾವ ತಳಿಯದೆಂದು ತಿಳಿಯದವರು ಕಾಗದದ ಚೀಲದಲ್ಲಿ ಸೇಬು ಹಿಡಿದು ನಿಂತಿರುತ್ತಾರೆ. ತಜ್ಞರು ತೊಟ್ಟಿನ ಗುಳಿಯ ಆಳ, ಕೆಳಗಿನ ಹೂಗುರುತಿನ ಆಕಾರ, ಸಿಪ್ಪೆಯ ಜಿಡ್ಡು ನೋಡಿ, ಕುಯ್ದು ಬೀಜದ ಬಣ್ಣ ಪರೀಕ್ಷಿಸಿ, ಕೊನೆಗೊಂದು ಚೂರು ಬಾಯಿಗೆ ಹಾಕಿಕೊಂಡು ಹೆಸರು ಹೇಳುತ್ತಾರೆ. ಕೆಂಟ್ ಪ್ರಾಂತ್ಯದ ಬ್ರಾಗ್‌ಡೇಲ್‌ನಲ್ಲಿರುವ ರಾಷ್ಟ್ರೀಯ ಹಣ್ಣಿನ ಸಂಗ್ರಹದಲ್ಲಿ ಸೇಬಿನ ತಳಿಗಳೇ 2,000ಕ್ಕೂ ಹೆಚ್ಚಿವೆ, ಹಾಗಾಗಿ ಇದು ಸುಲಭದ ವಿದ್ಯೆಯಲ್ಲ.

ಬೀಜದಿಂದ ಹುಟ್ಟಿದ ಸೇಬಿನ ಗಿಡ ತಾಯಿಯಂತೆ ಇರುವುದಿಲ್ಲ. ತಳಿ ಉಳಿಯಬೇಕಾದರೆ ಕಸಿಯೇ ಗತಿ. ಬ್ರಾಮ್ಲಿ ಸೇಬಿನ ಕತೆ ಇದನ್ನು ಚೆನ್ನಾಗಿ ಹೇಳುತ್ತದೆ. ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್‌ನಲ್ಲಿ 1809ರಲ್ಲಿ ಮೇರಿ ಆನ್ ಬ್ರೈಲ್ಸ್‌ಫರ್ಡ್ ಎಂಬ ಹುಡುಗಿ ಹಾಕಿದ ಬೀಜದಿಂದ ಆ ಮರ ಹುಟ್ಟಿತು. ಮುಂದೆ ಆ ಮನೆ ಕೊಂಡ ಮ್ಯಾಥ್ಯೂ ಬ್ರಾಮ್ಲಿ ಎಂಬ ಕಟುಕನ ಬಳಿ ಹೆನ್ರಿ ಮೆರಿವೆದರ್ ಎಂಬ ನರ್ಸರಿಯವನು ಕಸಿಕಡ್ಡಿ ಕೇಳಿದ. ‘ತಳಿಗೆ ನನ್ನ ಹೆಸರಿಡುವುದಾದರೆ ಕೊಡುತ್ತೇನೆ’ ಎಂಬುದು ಬ್ರಾಮ್ಲಿಯ ಷರತ್ತು. ಬೀಜ ಹಾಕಿದವಳ ಹೆಸರು ಹಣ್ಣಿಗೆ ಬರಲಿಲ್ಲ. ಇವತ್ತು ಬ್ರಿಟನ್ನಿನ ಅಡುಗೆಮನೆಗಳಲ್ಲಿ ಬೇಯುವ ಪ್ರತಿಯೊಂದು ಬ್ರಾಮ್ಲಿ ಸೇಬೂ ಕಸಿಯ ಮೇಲೆ ಕಸಿಯಾಗಿ ಬಂದ ಆ ಒಂದೇ ಮರದ ಕುಡಿ. ಸೌತ್‌ವೆಲ್ ಊರು ಅಕ್ಟೋಬರಿನಲ್ಲಿ ಬ್ರಾಮ್ಲಿ ಹೆಸರಿನಲ್ಲೇ ಉತ್ಸವ ಮಾಡುತ್ತದೆ.

ತರಕಾರಿಯ ಸಂಘಗಳಿಗೂ ಈ ತಿಂಗಳುಗಳಲ್ಲಿ ಬಿಡುವಿಲ್ಲ. ಯಾರ್ಕ್‌ಶೈರಿನ ಟಾಡ್‌ಮರ್ಡನ್‌ನಲ್ಲಿ ಪ್ಯಾಮ್ ವಾರ್‌ಹರ್ಸ್ಟ್ ಮತ್ತು ಮೇರಿ ಕ್ಲಿಯರ್ 2008ರಲ್ಲಿ ಶುರುಮಾಡಿದ ‘ಇನ್‌ಕ್ರೆಡಿಬಲ್ ಎಡಿಬಲ್’ ಗುಂಪು ಪೊಲೀಸ್ ಠಾಣೆಯ ಎದುರು, ರೈಲು ನಿಲ್ದಾಣದಲ್ಲಿ, ಆರೋಗ್ಯ ಕೇಂದ್ರದ ಸುತ್ತ ಯಾರು ಬೇಕಾದರೂ ಕೊಯ್ದುಕೊಳ್ಳುವಂತೆ ತರಕಾರಿ, ಸೊಪ್ಪು ಬೆಳೆದು ಜಗತ್ತಿನ ಗಮನ ಸೆಳೆಯಿತು. ಇಂಥ ಪಾತಿಗಳಲ್ಲಿ ಬೇಸಗೆಯ ಬೆಳೆ ತೆಗೆದು ಬೆಳ್ಳುಳ್ಳಿ ಎಸಳು ಊರುವುದು ಅಕ್ಟೋಬರಿನಲ್ಲೇ. ಬೆಳ್ಳುಳ್ಳಿಗೂ ಚಳಿ ತಾಗಬೇಕು, ಇಲ್ಲದಿದ್ದರೆ ಎಸಳು ಒಡೆಯದೆ ಒಂಟಿ ಉಂಡೆಯಾಗಿ ಉಳಿಯುತ್ತದೆ. ಬಲಿತ ಹುರುಳಿಕಾಯಿ, ಚೆಂಡುಹೂವಿನ ಬೀಜ ಬಿಡಿಸಿ, ಪ್ಲಾಸ್ಟಿಕ್ಕಿನ ಬದಲು ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ಹೆಸರು, ವರ್ಷ ಬರೆದು ಬೀಜ ವಿನಿಮಯ ಕೂಟಕ್ಕೆ ಎತ್ತಿಡುತ್ತಾರೆ.

ನವೆಂಬರ್ ಕೊನೆಗೆ ಮರ ನೆಡುವ ವಾರ. ಡಚ್ ಎಲ್ಮ್ ರೋಗಕ್ಕೆ ಲಕ್ಷಾಂತರ ಮರಗಳು ಸತ್ತಾಗ 1973ರಲ್ಲಿ ದೇಶವ್ಯಾಪಿ ಮರ ನೆಡುವ ಅಭಿಯಾನ ನಡೆಯಿತು. ಅದರ ಮುಂದುವರಿಕೆಯಾಗಿ 1975ರಿಂದ ಟ್ರೀ ಕೌನ್ಸಿಲ್ ಎಂಬ ಸಂಸ್ಥೆ ‘ನ್ಯಾಷನಲ್ ಟ್ರೀ ವೀಕ್’ ಆಚರಿಸುತ್ತಿದೆ. ನಮ್ಮ ವನಮಹೋತ್ಸವಕ್ಕೆ ಮುಂಗಾರು ಹೇಗೋ ಅವರ ಈ ವಾರಕ್ಕೆ ಎಲೆ ಉದುರಿ ಗಿಡ ನಿದ್ದೆಗೆ ಜಾರಿದ ಹೊತ್ತು ಹಾಗೆ. ಸಸಿಗಳು ಕುಂಡದಲ್ಲಿ ಬರುವುದಿಲ್ಲ. ಮಣ್ಣು ಕೊಡವಿದ ಬರಿಬೇರಿನ ಕಡ್ಡಿಗಳಾಗಿ, ಕಟ್ಟು ಕಟ್ಟಿ, ಒದ್ದೆ ಚೀಲದಲ್ಲಿ ಸುತ್ತಿ ಬರುತ್ತವೆ. ಬೆಲೆ ಅಗ್ಗ, ಸಾಗಿಸುವುದು ಸಲೀಸು, ನೂರಾರು ಸಸಿ ಒಂದು ಕಾರಿನಲ್ಲಿ ಹಿಡಿಸುತ್ತವೆ. ಎಚ್ಚರ ಇರಬೇಕಾದದ್ದು ಬೇರಿನ ಬಗ್ಗೆ. ಗಾಳಿಗೆ ಅರ್ಧ ಗಂಟೆ ಬಿಟ್ಟರೂ ಎಳೆಬೇರು ಒಣಗಿ ಗಿಡ ಸಾಯಬಹುದು, ಅದಕ್ಕೆ ಗುಂಡಿ ಸಿದ್ಧವಾಗುವವರೆಗೆ ಚೀಲದ ಬಾಯಿ ಬಿಚ್ಚುವುದಿಲ್ಲ. ಅವತ್ತು ನೆಲ ಹೆಪ್ಪುಗಟ್ಟಿದ್ದರೆ ಕಟ್ಟನ್ನು ಒಂದು ಕಾಲುವೆಯಲ್ಲಿ ಓರೆಯಾಗಿ ಮಲಗಿಸಿ, ಬೇರಿಗೆ ಮಣ್ಣು ಎಳೆದು, ಮುಂದಿನ ಶನಿವಾರಕ್ಕೆ ಕೆಲಸ ಮುಂದೂಡುತ್ತಾರೆ. ಬರಿಬೇರಿನ ಸಸಿಗೆ ಮಾರ್ಚ್‌ವರೆಗೂ ಗಡುವು ಇದೆ.